ಚೆಲುವಾಂಬ ಕೇಳಿದ ಪ್ರಶ್ನೆ

ಅರಸೀಕೆರೆಯ ಖಾಸಗಿ ಮಿಡ್ಲ್ ಸ್ಕೂಲಿಗೆ ಒಬ್ಬ ಮೇಷ್ಟ್ರು, ಒಬ್ಬ ಉಪಾಧ್ಯಾಯಿನಿ ಬೇಕಾಗಿದ್ದಾರೆಂದು ತಿಳಿದಾಗ ಹಳೇಬೀಡಿನ ಗೋಪಾಲಸ್ವಾಮಿ ಎರಡು ಅರ್ಜಿ ಬರೆದ. ಒಂದು ತನಗೆ, ಇನ್ನೊಂದು ಹೆಂಡತಿ ಚೆಲುವಾಂಬಳಿಗೆ. ಅವನು ಮಾದಿಹಳ್ಳಿಯಲ್ಲಿ ಹಂಗಾಮಿ ಮೇಷ್ಟ್ರು. ಬೇಸಿಗೆ ರಜೆ ಬಂತೆಂದರೆ ಕೆಲಸವೂ ಹೋಗುತ್ತಿತ್ತು. ಮತ್ತೆ ಯಾರನ್ನಾದರೂ ಕಾಡಿ ಬೇಡಿ ಸೇರಿಕೊಳ್ಳಬೇಕು. ಅವಳು ಮದುವೆಗೆ ಮುಂಚೆ ಹಾಸನದಲ್ಲಿ ಟ್ರೈನಿಂಗ್ ಮುಗಿಸಿದ್ದಳು, ಎಲ್ಲೂ ಪಾಠ ಮಾಡಿರಲಿಲ್ಲ. ಅವಳ ಅರ್ಜಿ ಸುಮ್ಮನೆ ಜೊತೆಗಿರಲಿ ಎಂದು ಹಾಕಿದ್ದು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಅವಳಿಗೆ ಹೇಳಿಕೊಟ್ಟ. "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಗೊತ್ತಿಲ್ಲದಿದ್ರೆ ತಲೆ ತಗ್ಗಿಸಿ ಸುಮ್ಮನಿರು. ಜಾಸ್ತಿ ಮಾತು ಬೇಡ ಕಣೇ."

"ಆಗಲಿ," ಎಂದಳು ಚೆಲುವಾಂಬ.

ಸಂದರ್ಶನ ನಡೆದದ್ದು ಶಾಲಾ ಸಮಿತಿಯ ಅಧ್ಯಕ್ಷ ಸಿದ್ದಬಸಪ್ಪನವರ ಕೊಬ್ಬರಿ ಮಂಡಿಯ ಕೋಣೆಯಲ್ಲಿ. ಪಕ್ಕದಲ್ಲಿ ಹೆಡ್‌ಮಿಸ್ಟ್ರೆಸ್ ಶಾಂತಾದೇವಿ ಕೂತಿದ್ದರು. ಗೋಪಾಲಸ್ವಾಮಿ ಮೊದಲು ಹೋದ. ವ್ಯಾಕರಣ, ಲೆಕ್ಕ, ಭೂಗೋಳ, ಯಾವುದರಲ್ಲೂ ತಡವರಿಸಲಿಲ್ಲ.

"ನೀವೇನಾದ್ರೂ ಕೇಳೋದು ಐತಾ ಮೇಷ್ಟ್ರೇ?" ಎಂದರು ಸಿದ್ದಬಸಪ್ಪ ಕೊನೆಗೆ.

"ಏನೂ ಇಲ್ಲ ಸ್ವಾಮಿ, ತಮ್ಮ ದಯೆ ಇದ್ರೆ ಸಾಕು," ಎಂದು ಕೈಮುಗಿದು, ಒಳ್ಳೆಯ ಮಾತೇ ಆಡಿದೆನೆಂಬ ತೃಪ್ತಿಯಿಂದ ಹೊರಗೆ ಬಂದು ಜಗಲಿಯ ಮೇಲೆ ಕೂತ. ಕಿಟಕಿ ತೆರೆದಿತ್ತು, ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

ಚೆಲುವಾಂಬ ಲೆಕ್ಕದಲ್ಲಿ ತಪ್ಪಿದಳು. ನದಿಗಳ ಹೆಸರು ಅರ್ಧಕ್ಕೇ ನಿಂತವು. ಗೋಪಾಲಸ್ವಾಮಿಗೆ ಅಯ್ಯೋ ಎನ್ನಿಸಿತು, ಜೊತೆಗೆ ಒಳಗೊಳಗೇ ಹಾಯೆನ್ನಿಸಿತು. ಆಮೇಲೆ ಅದೇ ಮಾತು ಬಂತು: ಕೇಳೋದು ಏನಾದ್ರೂ ಐತಾ?

"ಐದನೇ ಕ್ಲಾಸಿಗೆ ಸೇರಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಆರಕ್ಕೆ ಬಂದ್ರು?" ಎಂದಳು ಚೆಲುವಾಂಬ.

"ಅರ್ಧ ಜನ ಬಿಟ್ಟುಬಿಟ್ರು," ಎಂದರು ಶಾಂತಾದೇವಿ.

"ಯಾಕೆ ಅಂತ ಯಾರಾದ್ರೂ ಅವರ ಮನೆಗೆ ಹೋಗಿ ಕೇಳಿದ್ದಾರಾ?"

ಒಳಗೆ ಯಾರದೋ ಕುರ್ಚಿ ಕಿರುಗುಟ್ಟಿತು.

"ಅವರಿಗೆ ಅಂತ ಬೇರೆ ಕಕ್ಕಸು ಇದೆಯಾ?"

ಗೋಪಾಲಸ್ವಾಮಿಗೆ ಜಗಲಿಯೇ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ದೊಡ್ಡವರ ಮುಂದೆ ಕಕ್ಕಸಿನ ಮಾತು!

"ಇಲ್ಲ ಕಣಮ್ಮ," ಎಂದರು ಸಿದ್ದಬಸಪ್ಪ ನಿಧಾನವಾಗಿ. "ಇದನ್ನ ಯಾರೂ ನಮ್ಮನ್ನ ಕೇಳಿರ್ಲಿಲ್ಲ."

"ನಾನು ಕೇಳಿದ್ದೆ. ಎರಡು ಸಲ," ಎಂದರು ಶಾಂತಾದೇವಿ.

ಸಿದ್ದಬಸಪ್ಪ ಗಟ್ಟಿಯಾಗಿ ನಕ್ಕರು. "ಆಯ್ತು, ತಪ್ಪು ನಂದೇ. ನೀನು ಕೆಲಸಕ್ಕೆ ಬಂದ್ರೆ ಆ ಮಕ್ಕಳ ಮನೆಗೆ ಹೋಗ್ತೀಯೇನಮ್ಮ?"

"ಹೋಗ್ತೀನಿ. ಶಾಲೆ ಹೊತ್ತಲ್ಲೇ ಬಿಡುವು ಕೊಡ್ತೀರಾ?"

ಈಗ ಇಬ್ಬರೂ ನಕ್ಕರು. ತಾನು ಒಳಗಿದ್ದಾಗ ಯಾರೂ ನಕ್ಕಿರಲಿಲ್ಲ ಎಂಬುದು ಗೋಪಾಲಸ್ವಾಮಿಗೆ ಮುಳ್ಳಿನ ಹಾಗೆ ಚುಚ್ಚಿತು.

ಕೆಲಸ ಅವಳಿಗಾಯಿತು. "ನಿಮ್ಮದು ಮುಂದೆ ನೋಡೋಣ ಮೇಷ್ಟ್ರೇ," ಎಂದರು ಸಿದ್ದಬಸಪ್ಪ. ಮೇಷ್ಟ್ರ ಕೆಲಸಕ್ಕೆ ಬೇರೊಬ್ಬನನ್ನು ಆಗಲೇ ಗೊತ್ತುಮಾಡಿದ್ದರು.

 ವಾಪಸು ಬಂದು ಊರಲ್ಲಿ ಬಸ್ಸಿಳಿದ ಮೇಲೆ ಅವನು, "ಹೆಂಗಸರು ಹಾಗೆಲ್ಲ ಕೇಳಬಾರದು," ಎಂದ. ಮನೆಯಲ್ಲಿ ಅವನ ತಾಯಿ ಶ್ರೀರಂಗಮ್ಮ, "ಅವಳೊಬ್ಬಳು ಅಲ್ಲಿ, ನೀನೊಬ್ಬ ಇಲ್ಲಿ, ಇದೆಂಥ ಸಂಸಾರವೋ? ಬೇಡ ಅನ್ನು," ಎಂದರು. ಚೆಲುವಾಂಬ ಗಂಡನ ಮುಖ ನೋಡಿದಳು. ಅವನು ಅನ್ನ ಕಲಸುತ್ತ ಸುಮ್ಮನಿದ್ದ. ಬೇಡ ಎನ್ನುವ ಕಷ್ಟವೂ ತನಗಿಲ್ಲ, ಹೀಗೇ ಸುಮ್ಮನಿದ್ದರೆ ಸಾಕೆಂದು ಅವನಿಗೆ ಗೊತ್ತಿತ್ತು.

ಮುಂದಿನ ವಾರ ಬೇಲೂರಿನ ಒಂದು ಶಾಲೆಯಿಂದ ಅವನಿಗೆ ಕರೆ ಬಂತು. ಈ ಸಲ ಗೋಪಾಲಸ್ವಾಮಿ ಉತ್ತರಗಳನ್ನು ಓದಿಕೊಳ್ಳಲಿಲ್ಲ, ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ. ಅವಳು ಕೇಳಿದ್ದನ್ನೇ ಇನ್ನೂ ಚೆನ್ನಾಗಿ, ಪುಸ್ತಕದ ಭಾಷೆಯಲ್ಲಿ ಕೇಳಬೇಕೆಂದಿದ್ದ. ಅಲ್ಲಿಯವರು ಕೊನೆಗೆ ಏನಾದರೂ ಕೇಳುವಿರಾ ಎನ್ನುವುದಕ್ಕೂ ಕಾಯಲಿಲ್ಲ.

"ತಮ್ಮ ಶಾಲೆಯಲ್ಲಿ ಬಾಲಕಿಯರು ಮಧ್ಯದಲ್ಲೇ ವಿದ್ಯಾಭ್ಯಾಸ ತ್ಯಜಿಸಲು ಕಾರಣವೇನು?"

ಎದುರು ಕೂತಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮದು ಹುಡುಗರ ಶಾಲೆ ಕಣ್ರೀ," ಎಂದರು ಒಬ್ಬರು. ನಗು ತಡೆಯಲಾರದೆ ಇನ್ನೊಬ್ಬರು ಎದ್ದು ಬಾಗಿಲ ಕಡೆ ಹೋದರು.

ಇದನ್ನು ಯಾರಿಗೂ ಹೇಳಬಾರದೆಂದುಕೊಂಡೇ ಅವನು ಮನೆಗೆ ಬಂದ. ಆದರೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಚೆಲುವಾಂಬ, "ಏನಾಯ್ತೂಂದ್ರೆ?" ಎಂದಾಗ ಎಲ್ಲವೂ ಬಾಯಿಂದ ಬಂದುಬಿಟ್ಟಿತು. ಅವಳು ಮುಖ ಆ ಕಡೆ ತಿರುಗಿಸಿದಳು. ಅವಳ ಬೆನ್ನು ನಗುವಿಗೆ ಕುಲುಕಿತು.

"ನಗು, ನಗು. ನಿನಗೆ ಎಲ್ಲಾ ಸಲೀಸು. ಬಾಯಿಬಿಟ್ರೆ ಕೆಲಸ ಸಿಗತ್ತೆ."

ಅವಳ ನಗು ನಿಂತಿತು. "ಸಲೀಸಾ? ಆ ಕಕ್ಕಸಿನ ಮಾತು ಆಡುವಾಗ ನನ್ನ ಕಾಲು ಹೇಗೆ ನಡುಗ್ತಿತ್ತು ಗೊತ್ತಾ? ಆದ್ರೆ ನಾನೂ ದಿನವೆಲ್ಲ ಅಲ್ಲೇ ಇರಬೇಕಲ್ಲ. ನನಗೆ ತಿಳ್ಕೋಬೇಕಿತ್ತು, ಕೇಳ್ದೆ." ಪಂಚೆಯನ್ನು ಹಗ್ಗದ ಮೇಲೆ ಹರವುತ್ತ, "ನಿಮಗೆ ಅಲ್ಲಿ ನಿಜವಾಗ್ಲೂ ಏನು ತಿಳ್ಕೋಬೇಕಿತ್ತು?" ಎಂದಳು.

"ಬೇಸಿಗೆ ಬಂದ್ರೆ ಮನೆಗೆ ಕಳಿಸ್ತಾರೋ, ಇಟ್ಕೋತಾರೋ ಅಂತ."

"ಅದನ್ನ ಕೇಳಬಹುದಿತ್ತಲ್ಲ."

"ನಾಚಿಕೆಗೆಟ್ಟ ಹಾಗಾಗಲ್ವೇನೇ?"

ಅವಳು ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. ಕಾಲು ನಡುಗಿತೆಂದ ಅವಳ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು. ಅವತ್ತು ಕಿಟಕಿಯಾಚೆ ಅವನಿಗೆ ಕೇಳಿದ್ದು ಅವಳ ದನಿ ಮಾತ್ರ. ಮರುದಿನ ಊಟದ ಹೊತ್ತಿಗೆ ತಾಯಿ ಮತ್ತೆ ಮಾತು ತೆಗೆದಾಗ, "ಅವಳು ಹೋಗಲಿ ಬಿಡಮ್ಮ. ಶಾಂತಾದೇವಿಯವರ ಮನೆಯಲ್ಲೇ ಕೋಣೆ ಕೊಡ್ತಾರಂತೆ. ನಾನೇ ಬಿಟ್ಟು ಬರ್ತೀನಿ," ಎಂದ. ಹಾಗೆ ಹೇಳುವಾಗಲೂ ಹೊಟ್ಟೆಯಲ್ಲಿ ಕಿಚ್ಚು ಇದ್ದೇ ಇತ್ತು.

ಜೂನಿನಲ್ಲಿ ಹೆಂಡತಿಯ ಟ್ರಂಕು ಹೊತ್ತು ಶಾಲೆಯ ಅಂಗಳಕ್ಕೆ ಬಂದಾಗ, ಅಲ್ಲಿ ಗಾರೆಯವರು ಹಿಂದುಗಡೆ ಹೆಣ್ಣುಮಕ್ಕಳ ಕಕ್ಕಸಿಗೆ ಹೊಸ ಗೋಡೆ ಕಟ್ಟುತ್ತಿದ್ದರು. ಸಿದ್ದಬಸಪ್ಪ ಅವನನ್ನು ನೋಡಿ, "ಓಹೋ, ಚೆಲುವಾಂಬ ಟೀಚರಮ್ಮನ ಯಜಮಾನ್ರು!" ಎಂದರು. ಅವನಿಗೆ ಹೆಸರೇ ಇಲ್ಲದ ಹಾಗಾಯಿತು.

ಟ್ರಂಕು ಕೆಳಗಿಟ್ಟ. "ಸ್ವಾಮಿ, ಒಂದು ಕೇಳ್ಲಾ? ಅವತ್ತು ಮುಂದೆ ನೋಡೋಣ ಅಂದ್ರಿ. ನಿಜವಾಗ್ಲೂ ಜಾಗ ಇದೆಯಾ, ಇಲ್ಲ ನನ್ನ ಸಮಾಧಾನಕ್ಕೆ ಅಂದಿದ್ದಾ?"

ಸಿದ್ದಬಸಪ್ಪನವರ ನಗು ಮಾಯವಾಯಿತು. ಮೊದಲ ಸಲ ಅವನನ್ನು ಸರಿಯಾಗಿ ನೋಡಿದರು. "ಸಮಾಧಾನಕ್ಕೆ ಅಂದಿದ್ದು ಮೇಷ್ಟ್ರೇ. ಈ ವರ್ಷ ಜಾಗ ಇಲ್ಲ. ನೀವು ನಮ್ಮನ್ನ ನಂಬ್ಕೊಂಡು ಕೂರ್ಬೇಡಿ."

"ಒಳ್ಳೇದಾಯ್ತು ಸ್ವಾಮಿ, ತಿಳೀತು."

ಅವಳ ಪ್ರಶ್ನೆಗೆ ಗೋಡೆ ಏಳುತ್ತಿತ್ತು, ತನ್ನ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಸಿಕ್ಕಿತು. ಮಕ್ಕಳು ಆಗಲೇ ಚೆಲುವಾಂಬಳನ್ನು ಮುತ್ತಿಕೊಂಡಿದ್ದರು. ಅವಳು ಅವರ ತಲೆಗಳ ಮೇಲಿಂದ ಅವನತ್ತ ನೋಡಿ, ಏನಂದರು ಎಂದು ಕಣ್ಣಲ್ಲೇ ಕೇಳಿದಳು. ಇಲ್ಲವಂತೆ ಎಂದು ಅವನು ಕೈಯಾಡಿಸಿದ. ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಆದರೂ ಶನಿವಾರ ಬರುತ್ತೇನೆಂದು ಕೂಗಿ ಹೇಳಿ, ಹಳೇಬೀಡಿನ ಬಸ್ಸು ಹಿಡಿಯಲು ಬಿರಬಿರನೆ ನಡೆದ.