ಚಾರ್ಜರಿಗೆ ಹೊಲಿದ ಅಂಗಿ

ನನ್ನ ಗಂಡ ಬಡಗಿ, ನಾನು ಬಟ್ಟೆ ಹೊಲಿಯುವವಳು. ಇಬ್ಬರದೂ ಅಳತೆಪಟ್ಟಿ ಹಿಡಿದು ಬದುಕುವ ಕಸುಬೇ, ಆದರೆ ಸ್ವಭಾವ ಮಾತ್ರ ಉತ್ತರ ದಕ್ಷಿಣ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರಿಗೆ ತಲೆ ಮೇಲೆ ತಲೆ ಬಿದ್ದರೂ ಅವಸರವಿಲ್ಲ. ಗಿರಾಕಿಗಳು ಅವರನ್ನು ನಿಧಾನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ತಮ್ಮ, ಅಂದರೆ ನನ್ನ ಮೈದುನ, ಇದಕ್ಕೆ ಪೂರ್ತಿ ಉಲ್ಟಾ. ಒಂದು ಮೊಳೆ ಹೊಡೆದು ಮುಗಿಯುವುದರೊಳಗೆ ಮೂರನೆಯದಕ್ಕೆ ಕೈ ಹಾಕುವವನು. ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟವಳು ನಾನೇ.

ಅಣ್ಣ ತಮ್ಮ ಸೇರಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ವರ್ಕ್‌ಶಾಪ್ ಇಟ್ಟಿದ್ದರು. ಮುಂದೆ ಕೆಲಸದ ಮೇಜು, ಹಿಂದೆ ಪ್ಲೈವುಡ್ ಪೇರಿಸಿಟ್ಟ ಒಂದು ಚಿಕ್ಕ ಕೋಣೆ. ಆ ಕೋಣೆಗೆ ಕಿಟಕಿ ಇರಲಿಲ್ಲ, ಬಾಗಿಲು ಒಂದೇ. ಮೊದಮೊದಲು ಎಲ್ಲ ವೈರಿನ ಮಿಷನ್ನುಗಳೇ. ಆಮೇಲೆ ಬ್ಯಾಟರಿಯ ಡ್ರಿಲ್ಲು, ಬ್ಯಾಟರಿಯ ಗರಗಸ, ಬ್ಯಾಟರಿಯ ಉಜ್ಜುವ ಮಿಷನ್ನು ಒಂದೊಂದಾಗಿ ಬಂದವು. ಜೊತೆಗೆ ನನ್ನ ಗಂಡನ ಕಾನೂನುಗಳೂ ಬಂದವು ಅನ್ನಿ! ಕೆಲಸ ಮಾಡಿ ಬಿಸಿಯಾದ ಬ್ಯಾಟರಿಯನ್ನು ಆರಲು ಬಿಡದೆ ಚಾರ್ಜಿಗೆ ಹಾಕುವ ಹಾಗಿಲ್ಲ. ಒಂದರ ಚಾರ್ಜರಿಗೆ ಇನ್ನೊಂದರ ಬ್ಯಾಟರಿ ಸಿಕ್ಕಿಸುವ ಹಾಗಿಲ್ಲ. ಚಾರ್ಜರ್ ಇಡುವುದು ಕಲ್ಲು ಚಪ್ಪಡಿಯ ಮೇಲೇ, ಮರದ ಹೊಟ್ಟು ಅದರ ಹತ್ತಿರ ಸುಳಿಯಬಾರದು. ಬ್ಲೇಡ್ ಬದಲಿಸುವ ಮೊದಲು ಬ್ಯಾಟರಿ ಕಳಚಬೇಕು. ಬಿದ್ದು ಸೀಳಿದ ಬ್ಯಾಟರಿಯನ್ನು ಮತ್ತೆ ಮುಟ್ಟಬಾರದು. ಎಲ್ಲಕ್ಕಿಂತ ದೊಡ್ಡ ಕಾನೂನು, ಯಾವುದಾದರೂ ಚಾರ್ಜಾಗುತ್ತಿದ್ದರೆ ಅಲ್ಲಿ ಒಬ್ಬ ಮನುಷ್ಯ ಇರಲೇಬೇಕು.

"ಕಟ್ಕೊಂಡ ಹೆಂಡತಿಗೆ ಒಂದು ದಿನ ಇಷ್ಟು ಆರೈಕೆ ಮಾಡಿಲ್ಲ, ಬ್ಯಾಟರಿಗೆ ಬಾಣಂತನ ಮಾಡ್ತಾರೆ" ಎಂದು ನಾನು ಬೈಯುತ್ತಿದ್ದೆ.

"ನೀನು ಬಿಸಿಯಾದ್ರೆ ಮನೆ ಸುಡಲ್ಲ ಕಣೇ. ಬರೀ ನಾನು ಸುಡ್ತೀನಿ" ಎಂದು ಅವರು ನಗುತ್ತಿದ್ದರು.

ಅವರಿಗೆ ಒಂದೇ ತಲೆನೋವು, ಮರದ ಧೂಳು. ಚಾರ್ಜರಿನ ಸಣ್ಣ ಕಿಂಡಿಗಳಲ್ಲಿ ಧೂಳು ಹೋಗಿ ಕೂರುತ್ತಿತ್ತು. ದಿನಾ ಸಂಜೆ ಬಣ್ಣದ ಬ್ರಷ್ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಕಿಂಡಿ ಕೆದಕುತ್ತ ಕೂರುವವರು. ನೋಡಿ ನೋಡಿ ನನಗೆ ಅಯ್ಯೋ ಅನ್ನಿಸಿತು. ಒಂದು ಕೋಟಿನ ಲೈನಿಂಗ್ ಬಟ್ಟೆ ಉಳಿದಿತ್ತು, ಸ್ವಲ್ಪ ಫೋಮ್ ಇತ್ತು. ಅಳತೆ ತೆಗೆದುಕೊಂಡು, ಕೆಳಗೆ ಎಲಾಸ್ಟಿಕ್ ಕೊಟ್ಟು, ಮೈಗೆ ಅಚ್ಚು ಹಾಕಿದ ಹಾಗೆ ಕೂರುವಂತೆ ಚಾರ್ಜರಿಗೊಂದು ಅಂಗಿ ಹೊಲಿದೆ. ಎಂಥ ಕೆಲಸ ಅಂತೀರಿ! ಕೊಟ್ಟಾಗ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಚೆನ್ನಾಗಿದೆ. ಆದ್ರೆ ಚಾರ್ಜಾಗೋವಾಗ ಹಾಕಬಾರದು, ತಿಳೀತಾ? ಅದರ ಬಿಸಿ ಹೊರಗೆ ಹೋಗಬೇಕು. ಸಂಜೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಹಾಕೋಣ."

ತಿಳಿಯಿತು ಎಂದೆ. ಅದನ್ನು ಅವರು ಹೇಳಿದ್ದರು, ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಆ ದಿನ ಅವರಿಗೆ ವಿಪರೀತ ಹಲ್ಲುನೋವು. ನಾನು ಮಧ್ಯಾಹ್ನ ಊಟದ ಡಬ್ಬಿ ತಗೊಂಡು ಹೋದಾಗ ಒಂದು ತುತ್ತೂ ನುಂಗಲಾಗದೆ, ನೋವಿನ ಮಾತ್ರೆ ತಗೊಂಡು, ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಮಾತ್ರೆ ಬಲವಾದದ್ದು, ಆಗಲೇ ಗೊರಕೆ ಶುರುವಾಗಿತ್ತು. ಮುಂದೆ ಗಡಿಬಿಡಿ ಹಲಗೆ ಉಜ್ಜುತ್ತಿದ್ದ. ಮಿಷನ್ನು ನಿಂತಿತು. ಬ್ಯಾಟರಿ ಕಿತ್ತು, ಅದೇ ಬಿಸಿಯಲ್ಲೇ ಚಾರ್ಜರಿಗೆ ಸಿಕ್ಕಿಸಿ, ಬೀರುವಿನ ಬಾಗಿಲುಗಳನ್ನು ಗಾಡಿಗೆ ಏರಿಸಿಕೊಂಡು ಗಿರಾಕಿಯ ಮನೆಗೆ ಹೊರಟ.

"ಚಾರ್ಜಿಗೆ ಹಾಕಿ ಹೊರಟ್ಯಲ್ಲೋ?" ಎಂದೆ.

"ಅಣ್ಣ ಒಳಗಿದಾನಲ್ಲ ಅತ್ತಿಗೆ" ಎಂದ.

ಹೌದಲ್ಲ, ಒಬ್ಬ ಮನುಷ್ಯ ಇದ್ದಾರೆ ಎಂದು ನಾನೂ ಅಂದುಕೊಂಡೆ. ಉಜ್ಜಿದ ಧೂಳು ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು, ಚಾರ್ಜರಿನ ಮೇಲೆ ಇಳಿಯುತ್ತಿತ್ತು. ಹಲ್ಲುನೋವಿನಲ್ಲಿ ಎದ್ದು ಸಂಜೆ ಮತ್ತೆ ಬ್ರಷ್ ಹಿಡಿದು ಕೂರುತ್ತಾರಲ್ಲ ಪಾಪ ಎನ್ನಿಸಿತು. ಮೊಳೆಗೆ ನೇತುಹಾಕಿದ್ದ ಅಂಗಿ ತೆಗೆದು ಚಾರ್ಜರಿಗೆ ತೊಡಿಸಿದೆ. ಧೂಳು ಕೂರುವವರೆಗೆ ಮಾತ್ರ, ಐದು ನಿಮಿಷ, ಎಂದುಕೊಂಡೆ. ಅಷ್ಟರಲ್ಲಿ ಫೋನ್ ಬಂತು. ಮದುವಣಗಿತ್ತಿಯೊಬ್ಬಳ ರವಿಕೆಯ ತೋಳು ಬಿಗಿಯಾಗಿದೆಯಂತೆ, ಈಗಲೇ ಬರಬೇಕಂತೆ. ಅವಳಿಗೆ ಬೈದುಕೊಳ್ಳುತ್ತ ಬಾಗಿಲು ಮುಂದಕ್ಕೆಳೆದುಕೊಂಡು ಹೊರಟುಬಿಟ್ಟೆ.

ಪಕ್ಕದ ವೆಲ್ಡಿಂಗ್ ಅಂಗಡಿಯವನು ಓಡಿ ಬಂದು ಕರೆದಾಗ ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಹೇಗೆ ಉಗುಳಿದೆನೋ, ಹೇಗೆ ಓಡಿದೆನೋ ಗೊತ್ತಿಲ್ಲ. ಬೆಂಕಿ ಮುಂದಿದ್ದ ಕೆಲಸದ ಮೇಜನ್ನು ದಾಟಿರಲಿಲ್ಲ, ಆದರೆ ಮೇಜಿನ ಕೆಳಗಿದ್ದ ಪಾಲಿಶ್ ಡಬ್ಬಗಳ ಹೊಗೆ ಹಿಂದಿನ ಕೋಣೆಯನ್ನು ತುಂಬಿತ್ತು. ಅವರ ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಮಲಗಿದ ಹಾಗೇ ಇದ್ದರು. ಎಬ್ಬಿಸಿದರೆ ಏಳುತ್ತಾರೆ ಎಂದುಕೊಂಡು ನಾನು ಅಷ್ಟು ಜನರ ಮುಂದೆ ಅವರ ಹೆಗಲು ಹಿಡಿದು ಅಲ್ಲಾಡಿಸುತ್ತಲೇ ಇದ್ದೆ. ವೆಲ್ಡಿಂಗ್‌ನವನು ನನ್ನ ಕೈ ಬಿಡಿಸಿದ.

ಮರುದಿನ ಅಗ್ನಿಶಾಮಕ ದಳದ ಅಧಿಕಾರಿ ಬಂದು ಕಲ್ಲು ಚಪ್ಪಡಿಯ ಮೇಲೆ ಕರಗಿ ಮುದ್ದೆಯಾಗಿದ್ದುದನ್ನು ಕಡ್ಡಿಯಲ್ಲಿ ತಿರುವಿ ನೋಡಿದರು. ಈ ಬ್ಯಾಟರಿ ಮೊದಲು ಯಾವಾಗಲಾದರೂ ಕೆಳಗೆ ಬಿದ್ದಿತ್ತಾ ಎಂದು ಕೇಳಿದರು.

"ಹೌದು ಸಾರ್" ಎಂದ ಮೈದುನ. "ನನ್ನ ಕೈಯಿಂದ ಏಣಿ ಮೇಲಿಂದ ಬಿತ್ತು. ಸೀಳು ಬಿಟ್ಟಿತ್ತು. ಅಣ್ಣ ನೋಡಿದ್ರೆ ಬಿಸಾಕಿಸ್ತಾನೆ ಅಂತ ಟೇಪ್ ಸುತ್ತಿ ಇಟ್ಕೊಂಡಿದ್ದೆ."

ಅತ್ತೆ ಅಲ್ಲೇ ನಿಂತಿದ್ದರು. ಎಲ್ಲರೆದುರಿಗೆ ಅವನ ಕೆನ್ನೆಗೆ ಬಾರಿಸಿದರು. "ಇನ್ನು ನನ್ನ ಮನೆ ಹೊಸ್ತಿಲು ತುಳೀಬೇಡ" ಎಂದರು. ಮೂವತ್ತು ವರ್ಷದ ಗಂಡಸು ಬಗ್ಗಿಸಿದ ತಲೆ ಎತ್ತಲಿಲ್ಲ. ನಾನು ಬಾಯಿ ತೆರೆಯಬೇಕಾಗಿದ್ದುದು ಆಗ. ನಾನೋ, ಬೀದಿಯ ಜಗಳವನ್ನೆಲ್ಲ ಮೈಮೇಲೆ ಎಳೆದುಕೊಳ್ಳುವ ಬಾಯಿಬಡುಕಿ, ಅವತ್ತು ಒಂದು ಮಾತೂ ಆಡಲಿಲ್ಲ.

ಒಂದು ವಾರ ಕಳೆದ ಮೇಲೆ ಆ ಅಧಿಕಾರಿಯ ಕಚೇರಿಗೆ ಹೋದೆ. ಯಾರೋ ಬೇರೆಯವರ ವಿಷಯ ಎಂಬಂತೆ, ಚಾರ್ಜಾಗುವಾಗ ಮೇಲೆ ಬಟ್ಟೆ ಮುಚ್ಚಿದರೆ ಏನಾಗುತ್ತದೆ ಸಾರ್ ಎಂದೆ.

"ಬಿಸಿ ಒಳಗೇ ಉಳ್ಕೊಳ್ಳುತ್ತಮ್ಮ. ಬ್ಯಾಟರಿ ಮೊದಲೇ ಕೆಟ್ಟಿದ್ರಂತೂ ಕೇಳೋದೇ ಬೇಡ."

"ಎರಡೂ ಇದ್ರೆ, ಯಾವುದರಿಂದ ಅಂತ ಹೇಳೋಕಾಗುತ್ತಾ?"

ಅವರು ನನ್ನ ಮುಖವನ್ನೇ ನೋಡಿದರು. "ಅದನ್ನ ಹೇಳೋಕೆ ಅಲ್ಲಿ ಏನೂ ಉಳಿದಿಲ್ಲಮ್ಮ" ಎಂದರು.

ಮೂರು ತಿಂಗಳು ಹೀಗೇ ಹೋಯಿತು. ಅತ್ತೆ ಇದ್ದ ಒಬ್ಬ ಮಗನ ಹೆಸರೆತ್ತುತ್ತಿರಲಿಲ್ಲ, ಇಲ್ಲದ ಮಗನ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ನನ್ನನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ನಾನು ಮಿಷನ್ನಿನ ಮುಂದೆ ಕೂತರೆ ಪಕ್ಕದಲ್ಲೇ ಕೂತು ಹುಕ್ಸ್ ಹಾಕಿಕೊಡುವರು. ಊಟ ಬಿಟ್ಟರೆ ಕಲಸಿ ತುತ್ತು ಮಾಡಿ ಕೈಗಿಡುವರು. "ನೀನಿದ್ದೀಯಲ್ಲ, ಅಷ್ಟು ಸಾಕು ನನಗೆ" ಎಂದು ತಲೆ ಸವರುವರು. ತವರೆಂಬುದು ನನಗೆ ಮದುವೆಗೆ ಮುಂಚೆಯೇ ಇರಲಿಲ್ಲ, ಅಮ್ಮನ ಕೈ ಹೇಗಿರುತ್ತದೆಂದು ನೆನಪಿಲ್ಲ. ಈ ಕೈ ತಲೆ ಮೇಲಿಂದ ಹೋದರೆ ನನಗೆ ಲೋಕದಲ್ಲಿ ಬೇರೆ ಯಾರೂ ಇಲ್ಲ. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿಲ್ಲ! ತೆರೆದ ಬಾಯಿಗೆ ಅವರು ತುತ್ತಿಟ್ಟುಬಿಡುತ್ತಿದ್ದರು.

ಹೋದ ವಾರ ಮಧ್ಯಾಹ್ನ ಮೈದುನ ಬಂದ. ಗೇಟಿನೊಳಗೆ ಬಂದು ಮೆಟ್ಟಿಲ ಕೆಳಗೇ ನಿಂತ. ಸೊರಗಿದ್ದ, ಗಡ್ಡ ಬಂದಿತ್ತು. ಕೈಯಲ್ಲಿ ಒಂದು ಪೆಟ್ಟಿಗೆ. ಬೆಂಕಿ ಬಿದ್ದ ದಿನ ಗಾಡಿಯಲ್ಲಿದ್ದುದರಿಂದ ಉಳಿದುಕೊಂಡ ಸಾಮಾನು, ಒಂದು ಡ್ರಿಲ್ಲು, ಅದರ ಚಾರ್ಜರು, ಮೂರು ಬ್ಯಾಟರಿ. ಅವನ ಧ್ವನಿ ಕೇಳಿದ್ದೇ ಅತ್ತೆ ಎದ್ದು ಒಳಗೆ ಹೋಗಿ ಬಾಗಿಲ ಹಿಂದೆ ನಿಂತರು. ಸೆರಗಿನ ತುದಿ ನನಗೆ ಕಾಣುತ್ತಿತ್ತು.

"ನಾಲ್ಕು ಗಂಟೆ ಬಸ್ಸಿಗೆ ಹೋಗ್ತಿದೀನಿ ಅತ್ತಿಗೆ. ದೂರದಲ್ಲಿ ಒಂದು ಗೋಡೌನಲ್ಲಿ ಮೂಟೆ ಇಳಿಸೋ ಕೆಲಸ ಸಿಕ್ಕಿದೆ."

"ಮರದ ಕೆಲಸ?"

"ಇನ್ನು ಆ ಕೆಲಸ ಮಾಡಲ್ಲ. ಇದನ್ನ ಮಾರ್ಕೊಳ್ಳಿ. ಮಾರೋವಾಗ ಡ್ರಿಲ್ಲಿನ ಜೊತೆ ಇದೇ ಚಾರ್ಜರ್ ಕೊಡಿ, ಬೇರೇದರಲ್ಲಿ ಹಾಕಬೇಡಿ ಅಂತ ಹೇಳಿ. ಬ್ಯಾಟರಿ ಕಳಚಿಟ್ಟಿದೀನಿ, ಯಾರಾದ್ರೂ ಅಪ್ಪಿತಪ್ಪಿ ಗುಂಡಿ ಒತ್ತಿದ್ರೂ ತಿರುಗಲ್ಲ. ಈ ಮೂರನೇದು ಉಬ್ಬಿದೆ ನೋಡಿ. ಇದನ್ನ ಚಾರ್ಜಿಗೆ ಹಾಕಲೇಬೇಡಿ, ಕಸಕ್ಕೂ ಎಸೀಬೇಡಿ. ಕರೆಂಟ್ ಹರಿಯೋ ತಗಡಿಗೆ ಟೇಪ್ ಅಂಟಿಸಿದೀನಿ. ಮನೆಯಿಂದ ಆಚೆ ಮರಳಲ್ಲಿಡಿ, ಹಳೇ ಬ್ಯಾಟರಿ ತಗೊಳ್ಳೋರಿಗೆ ಕೊಡಿ."

ಒಂದೊಂದೇ ಮಾತು, ನಿಧಾನವಾಗಿ, ಬೆರಳು ಮಡಚಿ ಎಣಿಸುತ್ತ ಹೇಳಿದ. ಥೇಟ್ ಅವನ ಅಣ್ಣನೇ. ಈ ಬಸ್ಸು ಹೊರಟರೆ ಇವನು ಮತ್ತೆ ಬರುವವನಲ್ಲ, ಅತ್ತೆ ಕರೆಯುವವರಲ್ಲ. ಮಾಡಿದ್ದರಲ್ಲಿ ನನ್ನ ಪಾಲನ್ನೂ ಇವನೇ ಹೊತ್ತು ಹೋಗುತ್ತಾನೆ. ನಾನು ಇಲ್ಲಿ ತಲೆ ಸವರಿಸಿಕೊಂಡು ಕೂತಿರುತ್ತೇನೆ.

"ನಿಲ್ಲೋ" ಎಂದೆ. ಒಳಗೆ ಕೇಳಲಿ ಎಂದೇ ಜೋರಾಗಿ ಹೇಳಿದೆ. "ಅವತ್ತು ನೀನು ಹೋದ ಮೇಲೆ ಚಾರ್ಜರಿಗೆ ಆ ಅಂಗಿ ಹಾಕಿದ್ದು ನಾನು. ಹಾಕಬಾರದು ಅಂತ ಅವರು ಹೇಳಿದ್ರು. ಗೊತ್ತಿದ್ದೂ ಹಾಕಿದೆ. ಹಾಕಿ ಮರೆತು ಹೋದೆ."

ಬಾಗಿಲ ಹಿಂದಿನ ಸೆರಗು ಅಲ್ಲಾಡಲಿಲ್ಲ. ಮೈದುನ ಎರಡು ಮೆಟ್ಟಿಲು ಹತ್ತಿ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಯಾಕೆ ಹೇಳಿದ್ರಿ? ಬುದ್ಧಿ ಇದೆಯಾ ನಿಮಗೆ?"

"ನಿನಗೆ..."

"ನನಗೆ ಅವತ್ತೇ ಗೊತ್ತು. ಚಾರ್ಜರಿಗೆ ಫೋಮ್ ಅಂಟ್ಕೊಂಡಿತ್ತು. ಆ ಅಧಿಕಾರಿ ಬರೋಕೆ ಮುಂಚೆ ನಾನೇ ಕೆರೆದು ತೆಗೆದೆ." ಬಾಗಿಲ ಕಡೆ ಒಮ್ಮೆ ನೋಡಿದ. "ಬ್ಯಾಟರಿ ಸೀಳಿದ್ದು ನನ್ನ ತಪ್ಪೇ, ಅದೇನು ಸುಳ್ಳಲ್ಲ. ಆದ್ರೆ ನಾನು ಅಮ್ಮನ ಹೊಟ್ಟೇಲಿ ಹುಟ್ಟಿದವನು ಅತ್ತಿಗೆ. ಎಷ್ಟು ವರ್ಷ ಬೈದ್ರೂ ಸಾಯೋವಾಗಾದ್ರೂ ಕರೀತಾಳೆ. ನಿಮ್ಮನ್ನ ಯಾರು ಕರೀತಾರೆ?"

ಆಗ ಅತ್ತೆ ಹೊರಗೆ ಬಂದರು. ಗೋಡೆ ಹಿಡಿದುಕೊಂಡು ಬಂದರು. ನನ್ನ ಮುಂದೆ ಬಂದು ನಿಂತು ನನ್ನ ಕೈಗಳನ್ನು ನೋಡಿದರು, ಮುಖ ನೋಡಲಿಲ್ಲ. ಬೈಯಲಿ, ನಿನ್ನ ಕೈ ಸೇದಿಹೋಗ ಎಂದು ಶಪಿಸಲಿ, ಅವನಿಗೆ ಹೊಡೆದ ಹಾಗೆ ನನಗೂ ನಾಲ್ಕು ಬಾರಿಸಲಿ ಎಂದು ಕಾದೆ. ಅದೇನೂ ಆಗಲಿಲ್ಲ. ಅವರು ನನ್ನನ್ನು ದಾಟಿ ಹೋಗಿ ಮಗನ ತೋಳು ಹಿಡಿದರು.

"ಒಳಗೆ ಬಾ" ಎಂದರು.

ಅವನು ಕದಲಲಿಲ್ಲ. "ಅತ್ತಿಗೆನೂ ಕರಿ, ಬರ್ತೀನಿ."

ಅತ್ತೆ ಮಗನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದರು.

"ಕರೆಯೋಕಾಗ್ತಿಲ್ಲ ಕಣೋ" ಎಂದರು. "ಬಾಯಿ ಬರ್ತಿಲ್ಲ. ಇವತ್ತು ಆಗಲ್ಲ."

ಅವನು ನನ್ನ ಕಡೆ ನೋಡಿದ. ಹೋಗು ಎಂದು ಕೈ ಮಾಡಿದೆ. ಅಷ್ಟು ಮಾಡಲು ನನಗೆ ಶಕ್ತಿ ಎಲ್ಲಿಂದ ಬಂತೋ. ಅವರಿಬ್ಬರೂ ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ಕೂತೆ. ಉಬ್ಬಿದ ಬ್ಯಾಟರಿಯನ್ನು ಹಿತ್ತಲಿಗೆ ಒಯ್ದು ಮರಳಿನ ಬಕೆಟ್ಟಿನಲ್ಲಿ ಇಟ್ಟು, ವಾಪಸು ಬಂದು ಮತ್ತೆ ಅಲ್ಲೇ ಕೂತೆ. ನಾಲ್ಕು ಗಂಟೆಯಾಯಿತು. ಅವನು ಬಸ್ಸಿಗೆ ಹೋಗಲಿಲ್ಲ.

ಒಳಗಿನಿಂದ ಅಳು ಕೇಳಿಸಿತು. ಮೊದಲು ಅತ್ತೆಯದು, ಆಮೇಲೆ ಅವನದೂ. ಅವರು ಅಳುತ್ತಿದ್ದುದು ನನ್ನ ಗಂಡನಿಗಾಗಿ. ನಾನು ಇನ್ನೂ ಸರಿಯಾಗಿ ಅತ್ತಿರಲಿಲ್ಲ, ಮೂರು ತಿಂಗಳು ಹೆದರಿಕೆಯಲ್ಲೇ ಕಳೆದುಹೋಗಿತ್ತು. ಒಳಗೆ ಹೋಗಿ ಅವರ ನಡುವೆ ಕೂತು, ಅವರ ಮಗನಿಗಾಗಿ, ಇವನ ಅಣ್ಣನಿಗಾಗಿ, ನನ್ನ ನಿಧಾನ ಮೇಸ್ತ್ರಿಗಾಗಿ ಒಂದು ಸಲ ಬಾಯಿ ಬಿಟ್ಟು ಅಳಬೇಕು ಎಂದು ಜೀವ ಹೊಯ್ದಾಡಿತು. ಬಾಗಿಲು ತೆರೆದೇ ಇತ್ತು. ಆದರೆ ಕರೆಯದೆ ಹೇಗೆ ಹೋಗಲಿ?