ನಾವೂ ನಿಮ್ಮವರೇ

"ಏ ಮಲ್ಲವ್ವ, ಆ ತಟ್ಟೆ ಮುಟ್ಟಬೇಡ ಅಂತ ಎಷ್ಟು ಸಲ ಬೊಗಳ್ಬೇಕೇ? ಅದು ಗಿರಾಕಿಗಳದ್ದು. ನಿಂಗೂ ಅವಳಿಗೂ ಪೇಪರ್ ಪ್ಲೇಟ್ ಇಟ್ಟಿಲ್ವಾ?"

ಅವಳೆಂದರೆ ಪಾತ್ರೆ ತೊಳೆಯುವ ಡೆಲೋರಿಸ್, ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು. ಮಲ್ಲವ್ವ ಕಲಬುರಗಿ ಕಡೆಯ ಕೇರಿಯವಳು. ರೊಟ್ಟಿ ಬಡಿಯಲೆಂದು, ಈಗ ಹೀಗೆ ಗದರುತ್ತಿದ್ದ ಪ್ರಹ್ಲಾದನೇ ವೀಸಾ ಮಾಡಿಸಿ ತನ್ನ ಹೋಟೆಲಿಗೆ ಕರೆತಂದಿದ್ದ. ಅವಳು ಬಡಿದ ರೊಟ್ಟಿಗೆ ಮೈಲಿಗೆಯಿರಲಿಲ್ಲ, ಉಂಡ ತಟ್ಟೆಗಿತ್ತು. ಈ ಶಾಸ್ತ್ರ ಅವಳ ತಲೆಗೆ ಇನ್ನೂ ಹತ್ತಿರಲಿಲ್ಲ.

ಪೊಲೀಸರ ಗುಂಡಿಗೆ ಕಪ್ಪು ಹುಡುಗನೊಬ್ಬ ಸತ್ತು ಊರೆಲ್ಲ ಬೀದಿಗಿಳಿದಿತ್ತು. ಮೆರವಣಿಗೆ ಹೋಟೆಲಿನ ಮುಂದೆಯೇ ಹಾಯುವುದಿತ್ತು. ಪ್ರಹ್ಲಾದ್ ಗಾಜಿಗೆಲ್ಲ ಪ್ಲೈವುಡ್ ಹೊಡೆಸಿ, ಏಣಿ ಹತ್ತಿ, ಕೆಂಪು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ ಬರೆಯತೊಡಗಿದ. ಹಣೆಯ ಗಂಧ ಬೆವರಿಗೆ ಕರಗಿ ಮೂಗಿಗಿಳಿದಿತ್ತು.

"ಏನ್ ಬರ್ಯಾಕತ್ತೀರಿ ಸಾವ್ಕಾರ್ರ?"

"ನಾವೂ ನಿಮ್ಮವರೇ ಅಂತ."

"ಯಾರವ್ರು?"

"ಬರ್ತಾರಲ್ಲ, ಆ ಕರಿಯರವರು. ಕಲ್ಲು ಹೊಡೀಬಾರ್ದು ನೋಡು."

"ಹೌದೇನ್ರಿ? ಎಂದಿನಿಂದ?"

"ಬಾಯ್ಮುಚ್ಕೊಂಡು ಡಬ್ಬ ಹಿಡಿಯೇ!"

ಡೆಲೋರಿಸ್ ಹೊರಗೆ ಬಂದು ಬರಹ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸತ್ತ ಹುಡುಗ ತನ್ನ ಓಣಿಯವನು, ಮೆರವಣಿಗೆಗೆ ಹೋಗಿ ಬರುತ್ತೇನೆ ಎಂದಳು. ಹೋದರೆ ತಿರುಗಿ ಬರಬೇಡ ಎಂದ ಪ್ರಹ್ಲಾದ್. ಅವಳು ಒದ್ದೆ ಏಪ್ರನ್ ಬಿಚ್ಚಿ, ಶಾಲು ಹೊದಿಸಿ ಸನ್ಮಾನ ಮಾಡುವವರಂತೆ ಅವನ ಹೆಗಲಿಗೆ ಹಾಕಿ ನಡೆದೇಬಿಟ್ಟಳು.

ಮಲ್ಲವ್ವನಿಗೆ ನಗು ತಡೆಯಲಾಗಲಿಲ್ಲ.

"ಹಲ್ಲು ಕಿರಿತೀಯೇನೇ ಮುಂಡೆ? ನಿನ್ ಪಾಸ್‌ಪೋರ್ಟ್ ನನ್ ಬೀರುನಲ್ಲಿದೆ, ಜ್ಞಾಪಕ ಇರ್ಲಿ."

ಮಲ್ಲವ್ವ ಬಣ್ಣದ ಡಬ್ಬ ಮತ್ತೆ ಎತ್ತಿ ಹಿಡಿದಳು. ಊರಿನಲ್ಲಿ ಮಗಳ ನರ್ಸಿಂಗ್ ಓದು ಈ ರೊಟ್ಟಿಯ ಮೇಲೇ ನಿಂತಿತ್ತು. ಅಷ್ಟರಲ್ಲಿ ಮೆರವಣಿಗೆ ಬಂತು. ಎಲ್ಲರ ಮುಂದೆ ಸತ್ತ ಹುಡುಗನ ತಾಯಿ, ಮಗನ ಪಟವನ್ನು ಎದೆಗವಚಿಕೊಂಡು ನಡೆಯುತ್ತಿದ್ದಳು. ಠಾಣೆಗೆ ಹೋದ ಮಲ್ಲವ್ವನ ಅಣ್ಣ ಹೆಣವಾಗಿ ಬಂದಾಗ ಅವಳ ಅವ್ವನೂ ಹೀಗೇ ತಾಲ್ಲೂಕು ಕಚೇರಿಯವರೆಗೆ ನಡೆದಿದ್ದಳು. ನಡಿಗೆ ಥೇಟ್ ಅದೇ.

ಮಲ್ಲವ್ವ ಬಣ್ಣದ ಡಬ್ಬ ಕೆಳಗಿಟ್ಟಳು.

"ಎಲ್ಲಿಗೇ?"

"ಪಾಸ್‌ಪೋರ್ಟ್ ಬೀರುದಾಗ ತಣ್ಣಗ ಇರ್ಲಿ ಬಿಡ್ರಿ. ನಾ ಹೊಂಟೆ. ತವಾ ಕಾದೈತಿ, ಇವತ್ತಿನ ರೊಟ್ಟಿ ನೀವ ಬಡೀರಿ."

ಗುಂಪಿನಲ್ಲಿ ಡೆಲೋರಿಸ್ ಅವಳ ಕೈ ಹಿಡಿದುಕೊಂಡಳು. ಇಂಗ್ಲಿಷ್ ಘೋಷಣೆ ಮಲ್ಲವ್ವನ ನಾಲಿಗೆಗೆ ಹೊರಳಲಿಲ್ಲ. ಎರಡು ಸಲ ತೊದಲಿ, ಕೊನೆಗೆ ತನಗೆ ಬರುವುದನ್ನೇ ಗಂಟಲು ಹರಿಯುವಂತೆ ಕೂಗಿದಳು: "ಜೈ ಭೀಮ್!"

ಅಕ್ಕಪಕ್ಕದವರು ತಿರುಗಿ ನೋಡಿದರು. ಅದೇನು ಎಂದು ಡೆಲೋರಿಸ್ ಕಣ್ಣಲ್ಲೇ ಕೇಳಿದಳು. ಮಲ್ಲವ್ವ ಬೀದಿ ತುಂಬಿದ ಜನರನ್ನು ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು, ಅವಳ ಎದೆಯನ್ನೂ ಮುಟ್ಟಿದಳು.

"ಜೈ ಬೀಮ್," ಎಂದಳು ಡೆಲೋರಿಸ್. ಹಿಂದಿನವರೂ ಹಾಗೇ, ತಪ್ಪುತಪ್ಪಾಗಿ, ಜೋರಾಗಿ.

ಮುಂದಿನ ತಿರುವಿನಲ್ಲಿ ಕುದುರೆಯೇರಿದ ಪೊಲೀಸರು ರಸ್ತೆಗಡ್ಡ ನಿಂತಿದ್ದರು. ಯಾರೂ ಹೆಜ್ಜೆ ನಿಧಾನ ಮಾಡಲಿಲ್ಲ.