ಗೋಡೆಯ ಮೇಲಿನ ಚಿಕ್ಕ ಕುಟುಂಬ

ಪೇಂಟರಣ್ಣನಿಗೂ ಕಲ್ಪನೆಗೂ ಎಣ್ಣೆ ಸೀಗೆಕಾಯಿ. ಯಾರ ಮುಖ ಬರೆದರೂ ಅದು ಕಣ್ಣಾರೆ ಕಂಡವರದ್ದೇ ಆಗಬೇಕು, ಇಲ್ಲದಿದ್ದರೆ ಕುಂಚ ಮುಷ್ಕರ ಹೂಡುತ್ತಿತ್ತು. ಒಮ್ಮೆ ಸಲೂನಿನ ಬಾಗಿಲಿಗೆ ಚೆಲುವನೊಬ್ಬನನ್ನು ಬರೆ ಎಂದರೆ ತನ್ನ ಭಾವಮೈದುನನನ್ನೇ ಬರೆದು, ಬರುವ ಗಿರಾಕಿಯನ್ನೂ ತಪ್ಪಿಸಿದ್ದ.

ಆರೋಗ್ಯ ಕೇಂದ್ರದ ಗೋಡೆಯ ಕೆಲಸ ಸಿಕ್ಕಾಗಲೂ ಅದೇ ಆಯಿತು. ಜನನ ಪ್ರಮಾಣ ಇಳಿಸುವುದು ದೇಶದ ಗುರಿ, ಅದಕ್ಕೆ ಗೋಡೆ ತುಂಬ ಒಂದು ಚಿಕ್ಕ ಕುಟುಂಬ ಬೇಕು: ಅಪ್ಪ, ಅಮ್ಮ, ಎರಡೇ ಮಕ್ಕಳು, ಪಕ್ಕದಲ್ಲಿ ಬುದ್ಧಿ ಹೇಳುವ ನರ್ಸ್. ಸೋಮವಾರ ಅಧಿಕಾರಿ ನೋಡಲು ಬರುವವರಿದ್ದರು. ಪೇಂಟರಣ್ಣ ಹಿಂದೆ ಮುಂದೆ ನೋಡದೆ ತನ್ನನ್ನೂ ಹೆಂಡತಿಯನ್ನೂ ದೊಡ್ಡ ಮಗಳನ್ನೂ ಮಗನನ್ನೂ ಬರೆದ. ನರ್ಸಿನ ಮುಖ ನಾಳೆ ಬರೆದರಾಯಿತು ಎಂದು ಬಿಟ್ಟ.

ಶನಿವಾರ ಶಾಲೆ ಬಿಟ್ಟೊಡನೆ ಕಿರಿಮಗಳು ಅಪ್ಪನ ಕೆಲಸ ನೋಡಲು ಓಡಿ ಬಂದಳು. ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ಹುಡುಕಿದಳು.

"ಅಪ್ಪಾ, ನಾನೆಲ್ಲಿ?"

"ಇದು ಸರ್ಕಾರದ ಚಿತ್ರ ಪುಟ್ಟಿ. ಎರಡೇ ಮಕ್ಕಳು ಇರಬೇಕಂತೆ."

"ಹಾಗಾದ್ರೆ ನಾನು ಜಾಸ್ತಿನಾ?"

ಪೇಂಟರಣ್ಣ ಗಡಬಡಿಸಿ ಏಣಿ ಇಳಿದ. ಅಲ್ಲ ಎನ್ನುವಷ್ಟರಲ್ಲಿ ಮಗಳು ಹೊರಟೇ ಹೋಗಿದ್ದಳು. ಮನೆಯಲ್ಲಿ ದಿನವಿಡೀ ವಟಗುಟ್ಟುವವಳು ಅಂದು ಬಾಯಿಗೆ ಬೀಗ ಹಾಕಿಕೊಂಡು ಮಗ್ಗುಲು ತಿರುಗಿ ಮಲಗಿದಳು.

"ಎರಡೇ ಸಾಕು ಅಂದ್ಕೊಂಡಿದ್ದು ನಿಜ. ಆದ್ರೆ ಹುಟ್ಟಿದ ಮೇಲೆ ಇವಳನ್ನ ಒಂದು ದಿನವಾದ್ರೂ ಕೆಳಗೆ ಬಿಟ್ರಾ ನೀವು?" ಎಂದಳು ಹೆಂಡತಿ. "ಹೋಗಿ ಸರಿಮಾಡಿ."

ಹೇಳುವುದು ಸುಲಭ. ಮೂರನೆಯ ಮಗುವನ್ನು ಬರೆದರೆ ಕೆಲಸ ಹೋಗುತ್ತದೆ, ಬಿಟ್ಟರೆ ಮಗಳ ಮನಸ್ಸು ಮುರಿಯುತ್ತದೆ. ಬಿಸಿ ತುಪ್ಪದ ಕಥೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಭಾನುವಾರ ಏಣಿ ಹತ್ತಿದವನು ನರ್ಸಿನ ಖಾಲಿ ಮುಖದ ಎದುರು ಬಹಳ ಹೊತ್ತು ನಿಂತ. ಆಮೇಲೆ ಕುಂಚ ಅದ್ದಿದ.

ಸೋಮವಾರ ಅಧಿಕಾರಿ ಬಂದರು. ಕೇಂದ್ರದ ನಿಜವಾದ ನರ್ಸಮ್ಮನೂ ಪೇಂಟರಣ್ಣನ ಸಂಸಾರದವರೂ ನೆರೆದಿದ್ದರು. ಕಿರಿಮಗಳು ಮಾತ್ರ ಮುಖ ಊದಿಸಿಕೊಂಡು ಅಮ್ಮನ ಬೆನ್ನ ಹಿಂದೆ ಅಡಗಿದ್ದಳು. ಗೋಡೆಯ ಮೇಲೆ ಅಪ್ಪ, ಅಮ್ಮ, ಅಕ್ಕ, ಅಣ್ಣ ಕೈಕಟ್ಟಿ ಕೂತಿದ್ದರು. ಬಿಳಿ ಟೋಪಿಯ ನರ್ಸ್ ಬೆರಳೆತ್ತಿ ಗದರಿಸುತ್ತಿದ್ದಳು. ಅವಳದು ದುಂಡು ಕೆನ್ನೆ, ಮುಂದಿನ ಎರಡು ಹಲ್ಲು ಇರಲಿಲ್ಲ.

"ಎರಡೇ ಮಕ್ಕಳು, ಸರಿ," ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಈ ನರ್ಸ್ ಯಾಕ್ರೀ ಇಷ್ಟು ಚಿಕ್ಕವಳು?"

"ಚಿಕ್ಕವಳಾದ್ರೇನು ಸಾರ್, ಮನೇಲಿ ಎಲ್ರೂ ಇವಳ ಮಾತೇ ಕೇಳೋದು."

ಅಮ್ಮನ ಬೆನ್ನ ಹಿಂದಿನಿಂದ ಒಂದು ತಲೆ ಇಣುಕಿ ಗೋಡೆ ನೋಡಿತು. ನರ್ಸಮ್ಮ ನಗು ತಡೆಯಲಾರದೆ ಸುಮ್ಮಸುಮ್ಮನೆ ಕೆಮ್ಮಿದರು.

"ಅದಿರಲಿ, ಹಲ್ಲಾದ್ರೂ ಬರೆದುಬಿಡಿ."

ಜನ್ಮದಲ್ಲಿ ಅಧಿಕಾರಿಗಳಿಗೆ ಎದುರಾಡದ ಪೇಂಟರಣ್ಣ ಕಿರಿಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅವಳು ಬಾಯಿ ತುಂಬ ನಗುತ್ತಿದ್ದಳು.

"ಅವಸರ ಬೇಡ ಸಾರ್," ಎಂದ. "ತಾನಾಗೇ ಬರುತ್ತೆ."